ಸಿಲಿಕಾನಿನ ಹೊರಮೈ ಮತ್ತು ವಿರಳ ಲೋಹಗಳು

ಕತ್ತರಿಸಿದ ಬಟ್ಟೆಯ ಅಂಚನ್ನು ನಮ್ಮ ಗಿರಣಿಯ ಮಿತ್ರರು ದಿನವೂ ನೋಡುತ್ತಾರೆ. ನಡುವೆ ಹಾಸಿಗೂ ಹೊಕ್ಕಿಗೂ ಪರಸ್ಪರ ಹಿಡಿತವುಂಟು. ಕತ್ತರಿ ಬಿದ್ದ ಕಡೆ ಮಾತ್ರ ಎಳೆಗಳು ಜೋತಾಡುತ್ತವೆ. ಗಣಕಯಂತ್ರದ ಚಿಪ್ಪುಗಳನ್ನು ಮಾಡುವ ಸಿಲಿಕಾನ್ ಹರಳಿನ ಹೊರಮೈಯೂ ಇಂಥದೇ ಒಂದು ಅಂಚು.

ಹರಳಿನೊಳಗೆ ಪ್ರತಿಯೊಂದು ಪರಮಾಣುವೂ ನಾಲ್ಕು ನೆರೆಯವುಗಳೊಡನೆ ಬಂಧ ಕಟ್ಟಿಕೊಂಡಿರುತ್ತದೆ. ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಸೀಳಿದರೆ ಮೇಲಿನ ಪ್ರತಿಯೊಂದು ಪರಮಾಣುವಿಗೂ ಒಂದು ಬಂಧ ಜೋತುಬೀಳುತ್ತದೆ. ಜೋತುಬಿದ್ದ ಬಂಧಕ್ಕೆ ನೆಮ್ಮದಿಯಿಲ್ಲ. ಆದ್ದರಿಂದ ಪರಮಾಣುಗಳು ತಾವಾಗಿಯೇ ಸ್ಥಳ ಬದಲಾಯಿಸಿ ಅವುಗಳ ಸಂಖ್ಯೆಯನ್ನು ತಗ್ಗಿಸಿಕೊಳ್ಳುತ್ತವೆ. ಉದ್ದಕ್ಕೆ ಏಳು, ಅಗಲಕ್ಕೆ ಏಳು ಮನೆಗಳಿಗೊಮ್ಮೆ ಮರುಕಳಿಸುವ ವಿನ್ಯಾಸವೊಂದನ್ನು ಅಮೆರಿಕದ ಶ್ಲೀರ್ ಮತ್ತು ಫಾರ್ನ್ಸ್‌ವರ್ತ್ 1959ರಲ್ಲಿ ಪ್ರಕಟಿಸಿದರು. ಅದರ ಒಗಟು ಬಿಡಿಸಲು ಕಾಲು ಶತಮಾನವೇ ಹಿಡಿಯಿತು. 1985ರಲ್ಲಿ ಜಪಾನಿನ ತಕಯಾನಗಿ ಮತ್ತು ಸಂಗಡಿಗರು ಕೊಟ್ಟ ರಚನೆಯಂತೆ, ಜೋತುಬಿದ್ದ 49 ಬಂಧಗಳು 19ಕ್ಕೆ ಇಳಿಯುತ್ತವೆ!

ಇನ್ನು ಲೋಹದ ಮಾತು. ಸ್ವೀಡನ್ನಿನ ಇಟರ್ಬಿ ಎಂಬ ಒಂದೇ ಹಳ್ಳಿಯಿಂದ ಇಟ್ರಿಯಂ, ಟರ್ಬಿಯಂ, ಅರ್ಬಿಯಂ, ಇಟರ್ಬಿಯಂ ಎಂಬ ನಾಲ್ಕು ಹೆಸರುಗಳು ಹುಟ್ಟಿವೆ. ಇವುಗಳನ್ನು ವಿರಳ ಲೋಹಗಳೆಂದು ಕರೆದರೂ ಭೂಮಿಯಲ್ಲಿ ಅಷ್ಟೇನೂ ವಿರಳವಲ್ಲ. ಹೆಸರು ಅಂಟಿಕೊಂಡಿತು, ಅಷ್ಟೆ.

ಗಾಳಿ ತೆಗೆದ ಪಾತ್ರೆಯಲ್ಲಿ ಸಿಲಿಕಾನನ್ನು ಕಾಯಿಸಿ, ಅದರ ಮೇಲೆ ಇಟರ್ಬಿಯಮ್ಮಿನ ಆವಿಯನ್ನು ಹಾಯಿಸುತ್ತಾರೆ. ಹೊರಮೈಯ ಆರು ಮನೆಗಳಿಗೆ ಒಂದು ಪರಮಾಣು ಬಿದ್ದರೆ ಸಾಕು, ಏಳೇಳರ ಹಳೆಯ ವಿನ್ಯಾಸ ಮಾಯವಾಗುತ್ತದೆ. ಸಿಲಿಕಾನ್ ಪರಮಾಣುಗಳು ಜೇನುಹಟ್ಟಿಯ ಕಣ್ಣುಗಳಂತೆ ಆರುಮೂಲೆಯಾಗಿ ಸೇರಿ ಉದ್ದನೆಯ ಸರಪಳಿಗಳಾಗುತ್ತವೆ. ಸರಪಳಿಗಳ ನಡುವಣ ಕಾಲುವೆಯಲ್ಲಿ ಲೋಹ ಕುಳಿತುಕೊಳ್ಳುತ್ತದೆ.

ವಿಚಿತ್ರವೆಂದರೆ, ಸೋಡಿಯಂ ಹಾಕಿದರೂ ಇದೇ ಸರಪಳಿ! ಆದರೆ ಆಗ ಮೂರು ಮನೆಗೆ ಒಂದು ಪರಮಾಣು ಬೇಕು. ಏಕೆ? ಸೋಡಿಯಂ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಇಟರ್ಬಿಯಂ ಎರಡನ್ನು. ಮೂರು ಮನೆಗೆ ಒಂದು ಎಲೆಕ್ಟ್ರಾನು ಸಂದಾಯವಾದರೆ ಸಿಲಿಕಾನಿನ ಲೆಕ್ಕ ಚುಕ್ತಾ. ಕೊಟ್ಟವರು ಯಾರೆಂದು ಅದು ಕೇಳುವುದಿಲ್ಲ. ನನ್ನಂಥ ಗುಮಾಸ್ತನಿಗೆ ಈ ಖಾತೆ ಬಹಳ ಹಿಡಿಸಿತು.

ಚಿಪ್ಪುಗಳಿಗೆ ಬಳಸುವುದು ಹರಳಿನ ಮತ್ತೊಂದು ಮುಖವನ್ನು. ಅಲ್ಲಿ ಅರ್ಬಿಯಂ ಬೇರೆ ಆಟ ಆಡುತ್ತದೆಂದು 2000ದಲ್ಲಿ ಅಮೆರಿಕದಿಂದ ವರದಿಯಾಯಿತು. ಒಂದು ಅರ್ಬಿಯಮ್ಮಿಗೆ ಎರಡು ಸಿಲಿಕಾನ್ ಕೂಡಿದ ಸಂಯುಕ್ತ ಅಲ್ಲಿ ಬೆಳೆಯುತ್ತದೆ. ಅದರ ಪರಮಾಣುಗಳ ಅಂತರ ಒಂದು ದಿಕ್ಕಿನಲ್ಲಿ ಕೆಳಗಿನ ಸಿಲಿಕಾನಿಗಿಂತ ಶೇಕಡಾ 1.3ರಷ್ಟು ಮಾತ್ರ ಕಡಿಮೆ. ಅಡ್ಡ ದಿಕ್ಕಿನಲ್ಲಿ ಶೇಕಡಾ 6.5ರಷ್ಟು ಹೆಚ್ಚು. ಅಂದರೆ ಅಡ್ಡಕ್ಕೆ ಸುಮಾರು ಹದಿನೈದು ಎಳೆಗೇ ಒಂದು ಎಳೆ ತಪ್ಪುತ್ತದೆ, ಉದ್ದಕ್ಕೆ ಎಪ್ಪತ್ತೇಳರವರೆಗೆ ನಡೆಯುತ್ತದೆ. ಹೊಂದದ ಕಡೆ ಬೆಳೆದರೆ ಸೆಳೆತ ಹೆಚ್ಚು; ಹೊಂದಿದ ಕಡೆಗೇ ಸಂಯುಕ್ತ ಓಡುತ್ತದೆ. ಹೀಗೆ ಯಾರೂ ಎಳೆಯದೆಯೇ ತಂತಿ ಸಿದ್ಧ! ಅಗಲ ಕೆಲವೇ ನ್ಯಾನೋಮೀಟರು, ಎತ್ತರ ಒಂದಕ್ಕಿಂತ ಕಡಿಮೆ, ಉದ್ದ ಮಾತ್ರ ಸಾವಿರದ ಹತ್ತಿರ. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ಇಂಥ ಸಂಯುಕ್ತದಿಂದ, ಎಲೆಕ್ಟ್ರಾನುಗಳು ಹೆಚ್ಚಿರುವ ಬಗೆಯ ಸಿಲಿಕಾನಿಗೆ ವಿದ್ಯುತ್ತು ಹೆಚ್ಚು ಅಡ್ಡಿಯಿಲ್ಲದೆ ದಾಟುತ್ತದೆ; ಚಿಪ್ಪಿನವರಿಗೆ ಇದರ ಮೇಲೆ ಕಣ್ಣು ಬಿದ್ದುದು ಅದಕ್ಕೇ. ತೊಡಕೂ ಉಂಟು: ಗಾಳಿ ಸೋಕಿದರೆ ಈ ತಂತಿ ಬಹುಬೇಗ ಕಿಲುಬು ಹಿಡಿಯುತ್ತದೆ. ಪಾತ್ರೆಯಿಂದ ಹೊರತೆಗೆಯುವ ಮುನ್ನ ಮೇಲೊಂದು ಹೊದಿಕೆ ಹಾಕಲೇಬೇಕು.