ಗೋವೆಯ ಕಾರ್ನಿವಲ್ : ದಾರಿಹೋಕನು ತಿಳಿಯಬೇಕಾದ ಮಾತು

ಬೆಳಗಾವಿಯಿಂದ ಘಟ್ಟವಿಳಿದು, ಫೋಂಡಾ ಮಾರ್ಗವಾಗಿ ಪಣಜಿಗೆ ಹೋಗುವವರು ಬಾಣಸ್ತಾರಿಯ ಸೇತುವೆಯನ್ನು ದಾಟಿದ ಬಳಿಕ, ಹಳೆಯ ಗೋವೆಯ ಇಗರ್ಜಿಗಳು ಕಾಣುವ ಮುನ್ನ, ಕೊರ್ಲಿಮ್ ಎಂಬ ಊರನ್ನು ಹಾದುಹೋಗುತ್ತಾರೆ. ತಿಸವಾಡಿ ತಾಲ್ಲೂಕಿನ ಈ ಊರಿನಲ್ಲಿ ತೆಂಗಿನ ಮರಗಳೂ ಉಂಟು, ಕಾರ್ಖಾನೆಗಳ ವಸಾಹತೂ ಉಂಟು. ಹೊಟ್ಟೆಪಾಡಿಗಾಗಿ ಘಟ್ಟವಿಳಿದು ಬಂದ ಕನ್ನಡಿಗರ ಮಾತು ಗೋವೆಯ ಇಂತಹ ವಸಾಹತುಗಳಲ್ಲಿ ಕಿವಿಗೆ ಬೀಳುವುದು ಅಪರೂಪವಲ್ಲ. ಕಾರ್ನಿವಲ್ ನೋಡಬೇಕೆಂದು ಊರಿನಿಂದ ಬರುವ ನೆಂಟರಿಷ್ಟರು ಮೊದಲು ಇಳಿಯುವುದು ಇವರ ಮನೆಗಳಲ್ಲಿಯೇ. ಆದುದರಿಂದ ಆ ಹಬ್ಬದ ಅರ್ಥವನ್ನು ನಾವು ತಿಳಿದಿರುವುದು ಲೇಸು.

ಕಾರ್ನಿವಲ್ ಎಂಬ ಹೆಸರಿಗೆ ಮೂಲವಾದ ಲ್ಯಾಟಿನ್ ಮಾತುಗಳಿಗೆ ಮಾಂಸವನ್ನು ತೊರೆಯುವುದು ಎಂಬ ಅರ್ಥವನ್ನು ವಿದ್ವಾಂಸರು ಹೇಳುತ್ತಾರೆ. ಕೊಂಕಣಿಯಲ್ಲಿ ಇದು 'ಇಂತ್ರುಜ್'. ಪೋರ್ಚುಗೀಸರ 'ಎಂತ್ರೂದು' ಎಂಬ ಶಬ್ದದಿಂದ ಬಂದುದು. ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಭಾನುವಾರಗಳನ್ನು ಬಿಟ್ಟು ನಲವತ್ತು ದಿನ ವ್ರತವನ್ನು ಪಾಲಿಸುತ್ತಾರೆ. ಆ ವ್ರತವು ವಿಭೂತಿ ಬುಧವಾರದಂದು ಮೊದಲಾಗುತ್ತದೆ. ಅದಕ್ಕೆ ಹಿಂದಿನ ಶನಿವಾರದಿಂದ ಮಂಗಳವಾರದವರೆಗಿನ ನಾಲ್ಕು ದಿನಗಳ ಸಂಭ್ರಮವೇ ಕಾರ್ನಿವಲ್. ಈಸ್ಟರ್ ಚಂದ್ರನ ಗತಿಯನ್ನು ಅನುಸರಿಸುವುದರಿಂದ ಈ ದಿನಗಳೂ ವರ್ಷವರ್ಷಕ್ಕೆ ಬದಲಾಗುತ್ತವೆ. ಅನೇಕ ವರ್ಷ ನಮ್ಮ ಶಿವರಾತ್ರಿಯ ಆಸುಪಾಸಿನಲ್ಲಿ ಬೀಳುತ್ತವೆ. 2023ರಲ್ಲಿ ಶಿವರಾತ್ರಿಯೂ ಕಾರ್ನಿವಲ್ಲಿನ ಮೊದಲ ದಿನವೂ ಫೆಬ್ರವರಿ 18ರಂದೇ ಬಂದಿದ್ದವು. ಒಂದು ಮನೆಯಲ್ಲಿ ಉಪವಾಸ, ಪಕ್ಕದ ಮನೆಯಲ್ಲಿ ಉಪವಾಸಕ್ಕೆ ಮುಂಚಿನ ಊಟ!

ಹಿಂದಿನ ಕಾಲದಲ್ಲಿ ಜನರು ಒಬ್ಬರ ಮೇಲೊಬ್ಬರು ಹಿಟ್ಟನ್ನೂ ಬಣ್ಣದ ನೀರನ್ನೂ ಎರಚಿ ನಗುತ್ತಿದ್ದರು. ನಮ್ಮ ಓಕುಳಿಯನ್ನು ಬಲ್ಲವರಿಗೆ ಇದು ಹೊಸತೆನಿಸದು. ದೊಡ್ಡವರು ಚಿಕ್ಕವರೆಂಬ ಅಂತರವನ್ನು ಒಂದೆರಡು ದಿನ ಮರೆಯುವುದೇ ಎರಡರ ಒಳಗುಟ್ಟು. ಸಾಷ್ಟಿ ಪ್ರಾಂತದ ಹಳ್ಳಿಗಳಲ್ಲಿ 'ಖೆಳ್' ಎಂಬ ಆಟದ ಮೇಳಗಳು ಅಂಗಳದಿಂದ ಅಂಗಳಕ್ಕೆ ಹೋಗಿ, ಊರಿನ ಡೊಂಕುಗಳನ್ನು ಹಾಡು ಮಾತುಗಳಲ್ಲಿ ಆಡಿ ತೋರಿಸುತ್ತಿದ್ದವು.

ಇಂದು ಪ್ರವಾಸಿಗರು ಕಾಣುವ ಮೆರವಣಿಗೆಯಾದರೋ ಈಚಿನದು. 1961ರ ಡಿಸೆಂಬರ್ 19ರಂದು ಗೋವೆಯು ಪೋರ್ಚುಗೀಸರಿಂದ ಬಿಡುಗಡೆ ಹೊಂದಿದ ಮೇಲೆ, 1965ರಲ್ಲಿ ಪಣಜಿಯಲ್ಲಿ ಅಲಂಕೃತ ವಾಹನಗಳ ಮೆರವಣಿಗೆ ಹೊರಟಿತು. ತಿಮೋತಿಯೋ ಫರ್ನಾಂಡಿಸರು ಮೊದಲ 'ಮೋಮೋ ರಾಜ'ರಾದರು. ಮೋಮೋ ಎಂಬುದು ಗ್ರೀಕರ ಪರಿಹಾಸದ ದೇವತೆಯಿಂದ ಬಂದ ಹೆಸರು. ತಿನ್ನಿರಿ, ಕುಡಿಯಿರಿ, ಮಜಾ ಮಾಡಿರಿ ಎಂಬುದು ಈ ನಾಲ್ಕು ದಿನದ ಅರಸನ ಆಜ್ಞೆ. ಸಾಮಾನ್ಯವಾಗಿ ಶನಿವಾರ ಪಣಜಿ, ಭಾನುವಾರ ಮಡಗಾಂವ್, ಸೋಮವಾರ ವಾಸ್ಕೋ, ಮಂಗಳವಾರ ಮಾಪುಸಾ, ಹೀಗೆ ಮೆರವಣಿಗೆ ಸಾಗುತ್ತದೆ. ಕೊರ್ಲಿಮ್‌ನಿಂದ ಪಣಜಿ ಹತ್ತಿರವೇ. ಬಸ್ಸಿನಲ್ಲಿ ಹೋಗಿ ಬರಬಹುದು. ಆದರೆ ಅಂದು ರಸ್ತೆಗಳನ್ನು ಮುಚ್ಚುವುದರಿಂದ ಮಧ್ಯಾಹ್ನಕ್ಕೆ ಮೊದಲೇ ಹೊರಡುವುದು ಜಾಣತನ.

ಕನ್ನಡಿಗರು ತಪ್ಪದೆ ನೋಡಬೇಕಾದುದು ಬೇರೊಂದುಂಟು. ಮಡಗಾಂವಿನ ಪೂರ್ವಕ್ಕೆ ಚಾಂದೋರ್ ಎಂಬ ಊರಿದೆ. ಗೋವೆಯ ಕದಂಬರ ಹಳೆಯ ರಾಜಧಾನಿಯಾದ ಚಂದ್ರಪುರವೇ ಅದು. ಕಾರ್ನಿವಲ್ ದಿನಗಳಲ್ಲಿ ಅಲ್ಲಿಯ ಕ್ರೈಸ್ತರು 'ಮುಸಳ್ ಖೆಳ್' ಎಂಬ ಕುಣಿತವನ್ನು ಕುಣಿಯುತ್ತಾರೆ. ಮುಸಳ್ ಎಂದರೆ ಒನಕೆ. ವಿಜಯನಗರದ ಹರಿಹರನ ಗೆಲುವಿನ ನೆನಪು ಇದರಲ್ಲಿ ಅಡಗಿದೆಯೆಂದು ಅಲ್ಲಿನವರು ಹೇಳುತ್ತಾರೆ. ಧರ್ಮ ಬದಲಾದರೂ, ಅರಸರು ಅಳಿದರೂ, ಒನಕೆಯ ನಾದ ಉಳಿದಿದೆ! ಗೋವೆಯ ಹಬ್ಬ ಪರರದೆಂದು ತಿಳಿದು ಹೋದವನು ಅಲ್ಲಿ ತನ್ನ ನಾಡಿನ ಚರಿತ್ರೆಯ ಒಂದು ಎಳೆಯನ್ನು ಕಾಣುತ್ತಾನೆ.

ಇಷ್ಟಾಗಿಯೂ, ಹೊರಗಿನಿಂದ ಹೋಗುವವರಲ್ಲಿ ಹಲವರು ಮೋಮೋ ರಾಜನ ಆಜ್ಞೆಯ ನಡುವಿನ ಮಾತೊಂದನ್ನೇ ಹಿಡಿದುಕೊಳ್ಳುತ್ತಾರೆ. ಕುಡಿದು ತೂರಾಡುವುದು, ಕುಣಿಯುವ ಹೆಣ್ಣುಮಕ್ಕಳನ್ನು ಕೀಳುನೋಟದಿಂದ ನೋಡುವುದು, ಕೇಳದೆ ಚಿತ್ರ ತೆಗೆಯುವುದು ಇವೆಲ್ಲ ನಡೆಯುತ್ತವೆ. ಅದರ ಅಪಕೀರ್ತಿ ತಟ್ಟುವುದು ನಾಲ್ಕು ದಿನ ಬಂದು ಹೋಗುವವನಿಗಲ್ಲ. ವರ್ಷವಿಡೀ ಅಲ್ಲಿಯೇ ದುಡಿದು, ಅಲ್ಲಿಯ ಶಾಲೆಗೆ ಮಕ್ಕಳನ್ನು ಕಳುಹಿಸುವ ಕನ್ನಡಿಗನಿಗೆ. ನೆಂಟನ ತಪ್ಪಿಗೆ ಮನೆಯವನು ತಲೆತಗ್ಗಿಸಬೇಕಾಗುತ್ತದೆ.

ನೋಡಬೇಕೆನ್ನುವವರು ಮಂಗಳವಾರವೇ ಹಿಂದಿರುಗದೆ ಬುಧವಾರ ಬೆಳಗಿನವರೆಗೆ ನಿಲ್ಲಲಿ. ನಿನ್ನೆ ವೇಷ ಹಾಕಿ ನಕ್ಕವರು ಇಗರ್ಜಿಗೆ ಹೋಗಿ, ಮಣ್ಣಿನಿಂದ ಬಂದವನು ಮಣ್ಣಿಗೇ ಸೇರುವೆನೆಂಬ ನೆನಪಿಗಾಗಿ ಹಣೆಗೆ ಬೂದಿಯನ್ನು ಧರಿಸುತ್ತಾರೆ. ವಿಭೂತಿಯನ್ನು ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಬೆಳಗನ್ನು ಕಂಡವನಿಗೆ ಮಾತ್ರವೇ ಹಿಂದಿನ ನಾಲ್ಕು ದಿನದ ನಗೆ ಪೂರ್ತಿಯಾಗಿ ತಿಳಿಯುತ್ತದೆ.