ಹೈದರಾಬಾದಿನ ಬಿಸಿಲಿಗೆ ಸುಶಿಯ ಅನ್ನ

ಅಕ್ಕಪಕ್ಕದ ಮನೆಯವರನ್ನು ಸುಶಿ ತಿನ್ನಲು ಕರೆದರೆ ಎಲ್ಲರೂ ಕೇಳುವುದು ಒಂದೇ: ‘ಹಸಿ ಮೀನಾ?’ ಕೊಂಡಾಪುರ, ಮಿಯಾಪುರದ ಅಪಾರ್ಟ್‌ಮೆಂಟುಗಳಲ್ಲಿ ತೆಲುಗರು, ಮರಾಠಿಗರು, ರಾಯಚೂರು-ಬೀದರ್ ಕಡೆಯ ಕನ್ನಡಿಗರು ಒಂದೇ ಮಹಡಿಯಲ್ಲಿರುತ್ತಾರೆ. ಅವರಲ್ಲಿ ಸಸ್ಯಾಹಾರಿಗಳೂ ಉಂಟು. ಸೌತೆಕಾಯಿ, ಕ್ಯಾರೆಟ್, ಬೆಣ್ಣೆಹಣ್ಣು ಇಟ್ಟು ಸುತ್ತಿಕೊಟ್ಟರೂ ಅದು ಸುಶಿಯೇ. ಮೀನು ಇದ್ದರೆ ಇರಲಿ, ಇಲ್ಲದಿದ್ದರೆ ಇಲ್ಲ. ಹುಳಿ ಬೆರೆಸಿದ ಅನ್ನ ಮಾತ್ರ ಇರಲೇಬೇಕು. ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಪಾರ್ಟಿ ಇಟ್ಟವರು ತಲೆ ಕೆಡಿಸಿಕೊಳ್ಳಬೇಕಾದ್ದೂ ಆ ಅನ್ನದ ಬಗ್ಗೆಯೇ.

ಮೀನಿನ ವಿಷಯ ಮೊದಲು ಮುಗಿಸಿಬಿಡೋಣ. ರಾಮನಗರದ ಮಾರುಕಟ್ಟೆಯ ರೋಹು, ಕಾಟ್ಲಾ, ಕೊರ್ರಮೀನು ಎಷ್ಟೇ ತಾಜಾ ಇರಲಿ, ಹಸಿಯಾಗಿ ತಿನ್ನುವಂಥವಲ್ಲ. ಸಿಹಿನೀರಿನ ಮೀನಿನಲ್ಲಿ ಮನುಷ್ಯರ ಮೈಯಲ್ಲೂ ಬದುಕಬಲ್ಲ ಹುಳುಗಳ ಮರಿಗಳಿರಬಹುದು. ಥಾಯ್ಲೆಂಡಿನಲ್ಲಿ ನ್ಯಾಥೊಸ್ಟೋಮ ಎಂಬ ಹುಳುವನ್ನು ಹೊತ್ತು ಕುಖ್ಯಾತವಾಗಿರುವುದು ಕೊರ್ರಮೀನಿನ ಬಳಗವೇ. ಕಡಲ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟರೆ ಹುಳುಗಳು ಸಾಯುತ್ತವೆ ಎನ್ನುತ್ತದೆ ಅಮೆರಿಕದ ಎಫ್‌ಡಿಎ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸು, ಅದೂ ಬಾಗಿಲು ಮುಚ್ಚಿದ್ದರೆ. ಬ್ಯಾಕ್ಟೀರಿಯಾಗಳ ಪೈಕಿ ಹೆಚ್ಚಿನವು ಆ ಚಳಿಗೂ ಸಾಯುವುದಿಲ್ಲ, ಸುಮ್ಮನಿರುತ್ತವೆ ಅಷ್ಟೆ. ಕಡಲಿನಿಂದ ಸುಮಾರು 300 ಕಿ.ಮೀ. ದೂರದ ಊರಿನಲ್ಲಿ ಬೇಯಿಸಿದ ಸೀಗಡಿ ಹಾಕುವುದೇ ಜಾಣತನ. ಸುಶಿಯ ಸೀಗಡಿಯನ್ನು ಜಪಾನಿನಲ್ಲೂ ಹೆಚ್ಚಾಗಿ ಬೇಯಿಸಿಯೇ ಹಾಕುತ್ತಾರೆ.

ಇನ್ನು ಅಕ್ಕಿ. ಪಿಷ್ಟದಲ್ಲಿ ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರುದುರು, ಕಡಿಮೆಯಿದ್ದರೆ ಅಂಟಂಟು. ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅದು ಶೇ. 15ರಿಂದ 20, ಆಂಧ್ರದ ಬಾಪಟ್ಲದಲ್ಲಿ ಹುಟ್ಟಿದ ಸಾಂಬಾ ಮಸೂರಿಯಲ್ಲಿ ಶೇ. 25ರ ಹತ್ತಿರ. ಈ ತಳಿಗೆ ದುಂಡಾಣು ಎಲೆ ಅಂಗಮಾರಿಯನ್ನು ತಡೆಯುವ ಶಕ್ತಿ ತುಂಬಿದ್ದು ಹೈದರಾಬಾದಿನದೇ ಎರಡು ಸಂಸ್ಥೆಗಳು, ಸಿಸಿಎಂಬಿ ಮತ್ತು ರಾಜೇಂದ್ರನಗರದ ಭತ್ತ ಸಂಶೋಧನಾ ಸಂಸ್ಥೆ. ಸುಧಾರಿತ ತಳಿ 2008ರಲ್ಲಿ ಹೊರಬಂತು. ಸಾರಿನ ಜೊತೆ ಅದಕ್ಕೆ ಸಾಟಿಯಿಲ್ಲ. ಸುಶಿಯ ಸುರುಳಿ ಕತ್ತರಿಸುವಾಗ ಮಾತ್ರ ಅಗುಳುಗಳು ಚೆಲ್ಲಾಪಿಲ್ಲಿ. ಜಪಾನಿ ಅಕ್ಕಿ ಸಿಗದಿದ್ದರೆ, ಮುದ್ದೆಯಾಗುತ್ತದೆಂದು ನಾವು ಬೈಯುವ ಹೊಸ ಅಕ್ಕಿ ಇಲ್ಲಿ ಒದಗೀತು.

ಅಪಾಯ ಶುರುವಾಗುವುದು ಅನ್ನ ಬೆಂದ ಮೇಲೆ. ಮಣ್ಣಿನಿಂದ ಅಕ್ಕಿಗೆ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅನ್ನ ಆರಿ ಉಗುರುಬೆಚ್ಚಗಾದಾಗ ಅವು ಮೊಳೆಯುತ್ತವೆ. ಗಂಟೆಗಟ್ಟಲೆ ಹಾಗೇ ಬಿಟ್ಟರೆ ಹುಟ್ಟುವ ವಿಷ ವಾಂತಿ ತರಿಸುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ವಿನೆಗರ್ ಕೆಲಸ ಮಾಡುವುದು ಇಲ್ಲಿ. ಅಸಿಟಿಕ್ ಆಮ್ಲದ ಅಣು ಒಡೆಯದೆ ಇಡಿಯಾಗಿದ್ದಾಗ ಬ್ಯಾಕ್ಟೀರಿಯಾದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಒಳಗೆ ಅಷ್ಟು ಹುಳಿ ಇರುವುದಿಲ್ಲ. ಅಲ್ಲಿ ಅಣು ಒಡೆದು ಹೈಡ್ರೋಜನ್ ಅಯಾನನ್ನು ಬಿಡುತ್ತದೆ. ಅದನ್ನು ಹೊರದಬ್ಬುವುದರಲ್ಲೇ ಜೀವಕೋಶದ ತ್ರಾಣ ಖರ್ಚಾಗಿ, ಬೆಳವಣಿಗೆ ನಿಲ್ಲುತ್ತದೆ. ಪಿಎಚ್ 4.76ರಲ್ಲಿ ಅರ್ಧದಷ್ಟು ಅಣುಗಳು ಇಡಿಯಾಗಿರುತ್ತವೆ, ಅದಕ್ಕಿಂತ ಕೆಳಗಿಳಿದಷ್ಟೂ ಹೆಚ್ಚು. ಸುಶಿ ಹೋಟೆಲುಗಳು ಅನ್ನದ ಪಿಎಚ್ ಅನ್ನು 4.6ಕ್ಕಿಂತ ಕೆಳಗಿಡಲು ಹೆಣಗುವುದು ಇದಕ್ಕೇ. ರೈಲಿನ ಬುತ್ತಿಗೆ ಪುಳಿಯೋಗರೆಯನ್ನೇ ಕಟ್ಟುವ ನಮ್ಮವರ ಲೆಕ್ಕವೂ ಹೆಚ್ಚುಕಡಿಮೆ ಇದೇ. ಅಲ್ಲಿ ಹುಣಸೆಯ ಟಾರ್ಟಾರಿಕ್ ಆಮ್ಲ.

ಮನೆಯ ಅಳತೆ: 2 ಕಪ್ ಅಕ್ಕಿಗೆ ಕಾಲು ಕಪ್ ವಿನೆಗರ್, 2 ದೊಡ್ಡ ಚಮಚ ಸಕ್ಕರೆ, 1 ಚಿಕ್ಕ ಚಮಚ ಉಪ್ಪು. ಅನ್ನ ಹೊಗೆಯಾಡುವಾಗಲೇ ಅಗಲ ತಟ್ಟೆಗೆ ಸುರಿದು, ಮರದ ಸಟ್ಟುಗದಿಂದ ಕಲಸದೆ ಕೊಯ್ದಂತೆ ಆಡಿಸುತ್ತ ಬೆರೆಸಬೇಕು. ಜೊತೆಗೊಬ್ಬರು ಬೀಸಣಿಗೆ ಬೀಸುತ್ತಿದ್ದರೆ ಮೇಲ್ಮೈಯ ನೀರು ಆರಿ ಅಗುಳು ಹೊಳೆಯುತ್ತದೆ. ಮಕ್ಕಳಿಗೆ ಹುಳಿಯಾಗುತ್ತದೆಂದು ವಿನೆಗರ್ ಕಡಿಮೆ ಮಾಡುವ ಉಪಚಾರ ಬೇಡ.

ವಾಸಾಬಿಗಾಗಿ ಅಲೆಯಬೇಕಿಲ್ಲ. ಅದರ ಮೂಗಿಗೇರುವ ಘಾಟು ಅಲೈಲ್ ಐಸೊಥಯೊಸಯನೇಟಿನದು. ಹಸಿ ಸಾಸಿವೆ ಅರೆದಾಗ ಹುಟ್ಟುವುದೂ ಅದೇ.

ಮಿಕ್ಕ ಸುಶಿಯನ್ನು ಫ್ರಿಜ್ಜಿನಲ್ಲಿಟ್ಟರೆ ಕೆಡುವುದಿಲ್ಲ, ಆದರೆ ಕಲ್ಲಾಗುತ್ತದೆ: 4 ಡಿಗ್ರಿಯ ಹತ್ತಿರ ಪಿಷ್ಟದ ಸರಪಳಿಗಳು ಬೇಗ ಹರಳುಗಟ್ಟುತ್ತವೆ. ಮರುದಿನ ಮೊಟ್ಟೆಯಲ್ಲಿ ಅದ್ದಿ ಬಾಣಲೆಯಲ್ಲಿ ಹುರಿದರೆ ಅನ್ನ ಮತ್ತೆ ಮೆತ್ತಗಾಗುತ್ತದೆ. ಒಳಗಿನ ಸೌತೆಕಾಯಿ ಮಾತ್ರ ಅಷ್ಟರಲ್ಲಿ ನೀರು ಬಿಟ್ಟಿರುತ್ತದೆ.