ಕಾಡುಗೂಬೆ ಮತ್ತು ಕಣಗಿಲೆಯ ಪತಂಗ: ‘ಅಳಿವು’ ಎಂಬ ಪದದ ವಿಚಾರ

ಒಂದು ಜೀವಿಯನ್ನು ‘ಅಳಿದುದು’ ಎಂದೂ ಮತ್ತೊಂದನ್ನು ‘ಸಾಮಾನ್ಯ’ವೆಂದೂ ಕರೆಯುವಾಗ ನಾವು ಹೇಳುವುದು ಆ ಜೀವಿಯ ಸ್ಥಿತಿಯನ್ನೋ ನಮ್ಮಲ್ಲಿರುವ ಸಾಕ್ಷ್ಯದ ಸ್ಥಿತಿಯನ್ನೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಮಧ್ಯಭಾರತದ ಕಾಡುಗೂಬೆಯನ್ನು ಕಣಗಿಲೆಯ ಪತಂಗದೊಡನೆ ಹೋಲಿಸಿ ಇದನ್ನು ಪರಿಶೀಲಿಸಬಹುದು.

ಎ. ಓ. ಹ್ಯೂಮ್ 1873ರಲ್ಲಿ ವರ್ಣಿಸಿದ ಕಾಡುಗೂಬೆಗೆ ಆಧಾರವಾಗಿ ಉಳಿದಿದ್ದವು ಸಂಗ್ರಹಾಲಯಗಳಲ್ಲಿನ ಏಳು ಮಾದರಿಗಳು ಮಾತ್ರ. 1884ರ ಅನಂತರ ನಂಬಲರ್ಹವಾದ ದಾಖಲೆಯಿರಲಿಲ್ಲ. ರಿಚರ್ಡ್ ಮೈನರ್ಟ್ಸ್‌ಹಾಗನ್ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ತಾನು ಸಂಗ್ರಹಿಸಿದೆನೆಂದ ಮಾದರಿಯು, 1880ರ ದಶಕದಲ್ಲಿ ಜೇಮ್ಸ್ ಡೇವಿಡ್‌ಸನ್ ಸಂಗ್ರಹಿಸಿದ್ದನ್ನು ಕದ್ದು ಹೊಸ ಚೀಟಿ ಕಟ್ಟಿದುದೆಂದು ಪಮೇಲಾ ರಾಸ್ಮುಸ್ಸೆನ್ ಮತ್ತು ನೈಜೆಲ್ ಕಾಲರ್ ತೋರಿಸಿಕೊಟ್ಟರು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಇದು ಪ್ರಕ್ಷಿಪ್ತ. ಅದನ್ನು ಬದಿಗಿರಿಸಿ ಪ್ರಾಮಾಣಿಕವಾದ ಹಳೆಯ ಚೀಟಿಗಳನ್ನು ಅನುಸರಿಸಿದಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಹಕ್ಕಿ 113 ವರ್ಷಗಳ ಬಳಿಕ ಕಾಣಿಸಿತು. ಅದು ಹಗಲಿನಲ್ಲಿಯೂ ಚಟುವಟಿಕೆಯಿಂದಿರುವ ಹಕ್ಕಿ. ಆದರೆ ನಮಗೆ ಪರಿಚಿತವಾದ ಹಾಲಕ್ಕಿಯನ್ನು ಬಹುಮಟ್ಟಿಗೆ ಹೋಲುತ್ತದೆ.

ಇನ್ನು ಪತಂಗ. ಲಿನೇಯಸ್ 1758ರಲ್ಲಿ ಹೆಸರಿಸಿದ ಈ ಹಸಿರು ಪತಂಗದ ಹುಳು ಕಣಗಿಲೆ, ನಂದಿಬಟ್ಟಲು ಮುಂತಾದ ಗಿಡಗಳ ಎಲೆಯನ್ನು ತಿನ್ನುತ್ತದೆ. ಕಣಗಿಲೆಯ ವಿಷ ಅದಕ್ಕೆ ಬಾಧಕವಲ್ಲ. ಗೂಬೆಗೆ ಬೇಕಾದುದು ಸಾಗುವಾನಿಯಿರುವ, ಎಲೆಯುದುರುವ ಒಣ ಕಾಡು. ಪತಂಗಕ್ಕೆ ಒಂದು ಹೂದೋಟ ಸಾಕು. ಆದ್ದರಿಂದಲೇ 1976ರಲ್ಲಿ ಸ್ಥಾಪಿತವಾದ ನೋಯ್ಡಾದಂತಹ ಹೊಸ ನಗರವೂ ಅದಕ್ಕೆ ನೆಲೆಯಾಗಬಲ್ಲದು. ಒಂದರ ವಿರಳತೆಗೂ ಇನ್ನೊಂದರ ವಿಪುಲತೆಗೂ ಮುಖ್ಯ ಕಾರಣ ಇದೇ.

ಹೆಸರಿನ ವಿಷಯದಲ್ಲಿ ಸ್ಥಿತಿ ತಿರುಗುಮುರುಗು. ಗೂಗೆ, ಗೂಬೆ, ಹಾಲಕ್ಕಿ ಎಂದು ಕನ್ನಡ ಗೂಬೆಗಳಿಗೆ ಹಲವು ಹೆಸರುಗಳನ್ನಿತ್ತಿದೆ. ‘ಪತಂಗ’ವಾದರೋ ನೂರಾರು ಪ್ರಭೇದಗಳಿಗೆ ಒಂದೇ ಪದ, ಸಂಸ್ಕೃತದಿಂದ ಬಂದ ಈ ಪದಕ್ಕೆ ಸೂರ್ಯ, ಹಕ್ಕಿ ಎಂಬ ಅರ್ಥಗಳೂ ಉಂಟು. ದೀಪದ ಸನ್ನಿಧಿಯಿಲ್ಲದ ಪದ್ಯದಲ್ಲಿ ಅದನ್ನು ಅನುವಾದಿಸುವವರು ಸಂದರ್ಭವನ್ನು ನೋಡಿಯೇ ಅರ್ಥವನ್ನು ನಿರ್ಣಯಿಸಬೇಕು. ಕಣ್ಣೆದುರಿಗಿರುವುದು ಹೆಸರಿಲ್ಲದೆಯೂ ಮರೆಯಾಗಬಹುದು.

ಹೊರನಾಡಿನಲ್ಲಿ ಕನ್ನಡ ಹಸ್ತಪ್ರತಿಗಳನ್ನು ಶೋಧಿಸುವವರಿಗೆ ಇದು ಪ್ರಸ್ತುತ. ಪೊನ್ನನ ‘ಭುವನೈಕರಾಮಾಭ್ಯುದಯ’ ಇಂದು ಅನುಪಲಬ್ಧ. ‘ಅನುಪಲಬ್ಧ’ವೆಂದರೆ ದೊರೆತಿಲ್ಲವೆಂದಷ್ಟೇ ಅರ್ಥ, ‘ನಷ್ಟ’ವೆಂದೊಡನೆ ಹುಡುಕಾಟವೇ ನಿಲ್ಲುತ್ತದೆ. ಕಾಡುಗೂಬೆ ಇಂದಿಗೂ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ. ಅದನ್ನು ಉಳಿಸುವ ಪ್ರಯತ್ನ ಆರಂಭವಾದುದಾದರೂ ಅದು ಇದೆಯೆಂದು ತಿಳಿದ ಮೇಲೆಯೇ.